ಕಾನೂನು ಸಲಹೆ: ಫಸಲು ಹಾಳಾದರೆ ಮಾರಾಟದ ಕರಾರು ಏನಾಗುತ್ತದೆ?

ಪ್ರಶ್ನೆ: ಕಾರ್ಕಳ ಸಮೀಪ ನಮಗೆ ಎರಡು ಎಕ್ರೆ ಅಡಿಕೆ ತೋಟವಿದೆ. ಕಳೆದ ಮೇ ತಿಂಗಳಲ್ಲಿ ಮಂಗಳೂರಿನ ವ್ಯಾಪಾರಿಯೊಬ್ಬರಿಗೆ ‘ನಮ್ಮ ತೋಟದ ಈ ಸಾಲಿನ ಫಸಲಿನಿಂದ 15 ಕ್ವಿಂಟಲ್ ಚಾಲಿ ಅಡಿಕೆ’ (ಹಣ್ಣಡಿಕೆಯನ್ನು ಬಿಸಿಲಲ್ಲಿ ಒಣಗಿಸಿ ಸುಲಿದದ್ದು) ಕೊಡುವುದಾಗಿ ಬರೆದುಕೊಟ್ಟು ಒಂದು ಲಕ್ಷ ರೂಪಾಯಿ ಮುಂಗಡ ಪಡೆದಿದ್ದೆ. ಮಳೆಗಾಲದಲ್ಲಿ ಕೊಳೆರೋಗ ಬಂದು 6 ಕ್ವಿಂಟಲ್ ಮಾತ್ರ ಉಳಿಯಿತು. ಉಳಿದದ್ದನ್ನು ಹೊರಗಿನಿಂದ ಕೊಂಡಾದರೂ ಕೊಡಬೇಕೆಂದು ಅವರು ಹೇಳುತ್ತಿದ್ದಾರೆ. ಈಗ ದರ ಏರಿದೆ; ಈ 6 ಕ್ವಿಂಟಲಿಗೆ ಬೇರೆಯವರು ಹೆಚ್ಚು ಬೆಲೆ ಕೊಡಲು ಸಿದ್ಧರಿದ್ದಾರೆ. ನನ್ನ ಹೊಣೆ ಎಷ್ಟು?

ಉತ್ತರ: ‘ನಮ್ಮ ತೋಟದ ಈ ಸಾಲಿನ ಫಸಲು’ ಎಂದು ಬರೆದಿರುವುದೇ ನಿಮಗಿರುವ ದೊಡ್ಡ ಆಧಾರ. ಕರಾರು ಆದ ಬಳಿಕ, ಮಾತು ಕೊಟ್ಟವರು ತಡೆಯಲಾಗದ ಘಟನೆಯಿಂದ ಅದನ್ನು ನೆರವೇರಿಸುವುದು ಅಸಾಧ್ಯವಾದರೆ ಕರಾರು ಅನೂರ್ಜಿತವಾಗುತ್ತದೆ ಎಂದು ಭಾರತೀಯ ಕರಾರು ಕಾಯ್ದೆ, 1872ರ 56ನೇ ಕಲಂ ಹೇಳುತ್ತದೆ. ಈ ಅಸಾಧ್ಯತೆ ಅಕ್ಷರಶಃ ಇರಬೇಕಾಗಿಲ್ಲ, ಕರಾರಿನ ಬುನಾದಿಯೇ ಕುಸಿದಿದ್ದರೆ ಸಾಕು ಎಂದು ಸುಪ್ರೀಂ ಕೋರ್ಟ್ 1954ರಲ್ಲಿ ಸತ್ಯವ್ರತ ಘೋಷ್ ಪ್ರಕರಣದಲ್ಲಿ ವಿವರಿಸಿದೆ. ಗೊತ್ತುಪಡಿಸಿದ ಹೊಲದಲ್ಲಿ ಬೆಳೆಯುವ 200 ಟನ್ ಆಲೂಗಡ್ಡೆಯನ್ನು ಮಾರಲು ಒಪ್ಪಿ, ರೋಗದಿಂದಾಗಿ ಸುಮಾರು 80 ಟನ್ ಮಾತ್ರ ಕೊಡಲು ಸಾಧ್ಯವಾದ ರೈತನನ್ನು ಇಂಗ್ಲೆಂಡಿನ ನ್ಯಾಯಾಲಯ 1876ರಲ್ಲೇ ಉಳಿದ ಪಾಲಿನ ಹೊಣೆಯಿಂದ ಬಿಡುಗಡೆ ಮಾಡಿತ್ತು. ಆ ತೀರ್ಪು ನಮ್ಮ ನ್ಯಾಯಾಲಯಗಳನ್ನು ಕಟ್ಟಿಹಾಕುವುದಿಲ್ಲವಾದರೂ ನಿಮ್ಮ ಪ್ರಕರಣಕ್ಕೆ ಬಹಳ ಹತ್ತಿರದ್ದು. ಆದ್ದರಿಂದ ಕೊರತೆಯಾದ 9 ಕ್ವಿಂಟಲನ್ನು ಹೊರಗೆ ಕೊಂಡು ಕೊಡುವ ಬಾಧ್ಯತೆ ನಿಮಗಿಲ್ಲ ಎಂಬುದು ನನ್ನ ಅಭಿಪ್ರಾಯ.

ಆದರೆ ಕೈಯಲ್ಲಿರುವ 6 ಕ್ವಿಂಟಲನ್ನು ದಯವಿಟ್ಟು ಬೇರೆಯವರಿಗೆ ಮಾರಬೇಡಿ. 275 ಟನ್ ಬಾರ್ಲಿಗೆ ಒಪ್ಪಿ, 140 ಟನ್ ಮಾತ್ರ ಬೆಳೆದು, ಅದನ್ನು ಹೆಚ್ಚಿನ ಬೆಲೆಗೆ ಬೇರೆಯವರಿಗೆ ಕೊಟ್ಟ ರೈತನೊಬ್ಬ ಆ 140 ಟನ್ನಿಗೆ ನಷ್ಟಪರಿಹಾರ ಕೊಡಬೇಕೆಂದು ಇಂಗ್ಲೆಂಡಿನಲ್ಲಿ 1972ರಲ್ಲಿ ತೀರ್ಪಾಗಿದೆ. ಬೆಳೆ ಹೋದ ಪಾಲಿಗಷ್ಟೇ ವಿನಾಯಿತಿ; ಉಳಿದ ಪಾಲು ಮೊದಲು ಒಪ್ಪಿದವರಿಗೇ ಸಲ್ಲಬೇಕು, ಅದೂ ಒಪ್ಪಿದ ಬೆಲೆಗೆ. ಮುಂಗಡವನ್ನು ಅದರ ಬೆಲೆಗೆ ವಜಾ ಮಾಡಿಕೊಂಡು, ಹೆಚ್ಚುವರಿ ಏನಾದರೂ ಇದ್ದರೆ ಕರಾರು ಕಾಯ್ದೆಯ 65ನೇ ಕಲಂ ಪ್ರಕಾರ ಹಿಂದಿರುಗಿಸಬೇಕು.

ನಿಮ್ಮ ನಿರ್ಲಕ್ಷ್ಯದಿಂದ ಬೆಳೆ ಹೋಗಿದ್ದರೆ ಈ ರಕ್ಷಣೆ ಸಿಗುವುದಿಲ್ಲ. ಕೊಳೆರೋಗ ತಡೆಯುವ ಬೋರ್ಡೋ ದ್ರಾವಣ ಸಿಂಪಡಿಸಿದ ದಿನಗಳು, ಅದಕ್ಕೆ ಬೇಕಾದ ಮೈಲುತುತ್ತು ಖರೀದಿಯ ಬಿಲ್ಲು, ಉದುರಿದ ಕಾಯಿಯ ಫೋಟೋಗಳು, ತೋಟಗಾರಿಕೆ ಇಲಾಖೆಯವರು ಬಂದು ನೋಡಿದ್ದರೆ ಅವರ ವರದಿ, ಇವನ್ನೆಲ್ಲ ಜೋಪಾನವಾಗಿಡಿ; ರುಜುವಾತಿನ ಭಾರ ನಿಮ್ಮ ಮೇಲೆಯೇ ಇರುತ್ತದೆ. ವ್ಯಾಪಾರಿಗೂ ವಿಷಯವನ್ನು ತಡಮಾಡದೆ ಲಿಖಿತವಾಗಿ ತಿಳಿಸಿ.

ಕರಾರಿನಲ್ಲಿ ತೋಟದ ಪ್ರಸ್ತಾಪವಿಲ್ಲದೆ ಬರೀ ‘15 ಕ್ವಿಂಟಲ್ ಚಾಲಿ’ ಎಂದಿದ್ದರೆ ನನ್ನ ಉತ್ತರ ಪೂರ್ತಿ ಬೇರೆಯಾಗಿರುತ್ತಿತ್ತು. ಮಾರುಕಟ್ಟೆಯಲ್ಲಿ ಅಡಿಕೆ ಸಿಗುವವರೆಗೆ ಅಂಥ ಕರಾರು ಅಸಾಧ್ಯವಲ್ಲ, ದುಬಾರಿಯಷ್ಟೇ. ಇಂಡೋನೇಷ್ಯಾದ ಕಲ್ಲಿದ್ದಲು ತುಟ್ಟಿಯಾಯಿತೆಂದು ವಿದ್ಯುತ್ ಕಂಪನಿಗಳು ವಿನಾಯಿತಿ ಕೇಳಿದಾಗ, ಬೆಲೆಯೇರಿಕೆಯಿಂದ ಕರಾರು ಮುರಿದುಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2017ರಲ್ಲಿ ಸ್ಪಷ್ಟಪಡಿಸಿದೆ.

ಪ್ರಶ್ನೆ: ಮಲ್ಪೆಯಿಂದ ಮಂಗಳೂರಿನ ಹೋಟೆಲೊಂದಕ್ಕೆ ವರ್ಷವಿಡೀ ಮೀನು ಪೂರೈಸಲು ಒಪ್ಪಿದ್ದೇನೆ. ಮಳೆಗಾಲದ ಮೀನುಗಾರಿಕೆ ನಿಷೇಧ ನನಗೆ ವಿನಾಯಿತಿ ಕೊಡುತ್ತದೆಯೇ?

ಉತ್ತರ: ಸಾಮಾನ್ಯವಾಗಿ ಇಲ್ಲ. ಯಾಂತ್ರಿಕ ದೋಣಿಗಳಿಗೆ ಜೂನ್ 1ರಿಂದ ಜುಲೈ 31ರವರೆಗೆ ಪ್ರತಿವರ್ಷವೂ ಇರುವ ನಿಷೇಧವನ್ನು ತಿಳಿದೇ ನೀವು ಒಪ್ಪಿದ್ದೀರಿ, ಮತ್ತು ಆ ದಿನಗಳಲ್ಲಿಯೂ ನಾಡದೋಣಿಯ ಮೀನು, ಹೊರ ರಾಜ್ಯಗಳ ಮೀನು ಪೇಟೆಗೆ ಬರುತ್ತದೆ. ಮುಂದಿನ ಸಲ ಕರಾರು ನವೀಕರಿಸುವಾಗ ಈ 61 ದಿನಗಳಿಗೂ ಚಂಡಮಾರುತದ ಎಚ್ಚರಿಕೆಯಿಂದ ದೋಣಿಗಳು ಕಡಲಿಗಿಳಿಯದ ದಿನಗಳಿಗೂ ಪೂರೈಕೆಯ ಹೊಣೆಯಿಲ್ಲವೆಂದು ಸ್ಪಷ್ಟವಾಗಿ ಬರೆಸಿಕೊಳ್ಳಿ.