ಚಿಂಚೋಳಿ ಕಾಡಿಗೆ, ಯಾದಗಿರಿ ಗುಡ್ಡಕ್ಕೆ, ಹಿಮಾಲಯಕ್ಕೆ ಯಾವ ಜಿಪಿಎಸ್?

ಚಿಂಚೋಳಿ-ಕೊಂಚಾವರಂ ಕಾಡು, ಯಾದಗಿರಿ-ಶಹಾಪುರದ ಗುಡ್ಡ, ಮುಂದೆ ಹಿಮಾಲಯ, ಮೂರಕ್ಕೂ ಆಗುವ, ಕೈಯಲ್ಲಿ ಹಿಡಿಯುವ ಜಿಪಿಎಸ್ ಯಂತ್ರ ಯಾವುದು, ಮೊಬೈಲೇ ಸಾಲದೇ ಎಂದು ಕೇಳಿದ್ದೀರಿ.

ಬಯಲಲ್ಲಿ ಮೊಬೈಲೂ ಜಿಪಿಎಸ್ಸೂ ಹೆಚ್ಚುಕಮ್ಮಿ ಒಂದೇ ಜಾಗ ತೋರಿಸುತ್ತವೆ, ನಾಲ್ಕೈದು ಮೀಟರ್ ಆಚೀಚೆ. ತೊಂದರೆ ಇರುವುದು ಬಿಸಿಲಲ್ಲಿ. ನಮ್ಮ ಕಡೆ ಮಾರ್ಚ್ ದಾಟಿತೆಂದರೆ ಮೊಬೈಲ್ ಕಾದು, ಪರದೆ ಮಬ್ಬಾಗಿ, ಕೊನೆಗೆ ಬಂದ್ ಬೀಳುತ್ತದೆ. ಬೆವರಿದ ಬೆರಳಿಗೆ ಟಚ್ ಕೂಡ ಮಾತು ಕೇಳುವುದಿಲ್ಲ. ಹಾಗಾಗಿ ಬಿಸಿಲಲ್ಲೂ ನಿಚ್ಚಳ ಕಾಣುವ ಪರದೆ, ಒತ್ತುವ ಬಟನ್, ಬದಲಿಸಬಹುದಾದ ಸೆಲ್ ಇವನ್ನು ಮೊದಲು ನೋಡ್ರಿ.

ಈ ಲೆಕ್ಕಕ್ಕೆ ಗಾರ್ಮಿನ್ ಇಟ್ರೆಕ್ಸ್ 22ಎಕ್ಸ್ ಸಾಕು. ಗೋಡೆ ಗಡಿಯಾರಕ್ಕೆ ಹಾಕುವ ಎಎ ಸೆಲ್ ಎರಡು, ಕಂಪನಿ ಲೆಕ್ಕದಲ್ಲಿ 25 ಗಂಟೆ. ಆದರೆ ಇದರ ದಿಕ್ಕು ತೋರುವ ಬಾಣ ನೀವು ನಡೆಯುವಾಗ ಮಾತ್ರ ನಿಜ ಹೇಳುತ್ತದೆ, ನಿಂತರೆ ಎತ್ತಲೋ ತಿರುಗುತ್ತದೆ. 32ಎಕ್ಸ್‌ನಲ್ಲಿ ನಿಂತಲ್ಲೂ ದಿಕ್ಕು ತೋರುವ ದಿಕ್ಸೂಚಿ ಮತ್ತು ಗಾಳಿಯೊತ್ತಡದಿಂದ ಎತ್ತರ ಅಳೆಯುವ ಮಾಪಕ ಇವೆ. ಹಿಮಾಲಯ ಖಾತ್ರಿಯಿದ್ದರೆ ಅದನ್ನೇ ಕೊಳ್ಳಿ. ಸೆಲ್ ಬದಲಿಸಿದಾಗೆಲ್ಲ ದಿಕ್ಸೂಚಿಯನ್ನು ಮತ್ತೆ ಹೊಂದಿಸಬೇಕು. ಹವೆ ಬದಲಾದರೆ ಎತ್ತರದ ಅಂಕಿಯೂ ಜಾರುತ್ತದೆ. ಊರಲ್ಲಿ ಅದನ್ನು ಸರಿಪಡಿಸಲು ರೈಲ್ವೆ ಸ್ಟೇಷನ್ನಿನ ಹಳದಿ ಬೋರ್ಡಿಗಿಂತ ಸುಲಭದ್ದಿಲ್ಲ, ಸಮುದ್ರಮಟ್ಟದಿಂದ ಎಷ್ಟು ಎತ್ತರ ಎಂದು ಅದರ ಮೇಲೇ ಬರೆದಿರುತ್ತದೆ.

ಇಟ್ರೆಕ್ಸ್ ಎಸ್‌ಇ 168 ಗಂಟೆ ಬರುತ್ತದೆ ಎನ್ನುತ್ತಾರೆ. ಆದರೆ ಅದರೊಳಗೆ ನಕ್ಷೆ ಇಲ್ಲ, ನಡೆದ ದಾರಿಯ ಗೆರೆ ಮತ್ತು ಗುರುತು ಹಾಕಿದ ಜಾಗದ ಚುಕ್ಕಿ ಅಷ್ಟೇ.

ಯಾದಗಿರಿ ಕೋಟೆಯ ಬಂಡೆಗಳ ಸಂದಿಯಲ್ಲಿ ಉಪಗ್ರಹದ ಸಿಗ್ನಲ್ ಕಲ್ಲಿಗೆ ಬಡಿದು ಬರುವುದರಿಂದ ನಡೆದ ಗೆರೆ ಅಂಕುಡೊಂಕಾಗುತ್ತದೆ. ಎರಡು ತರಂಗಾಂತರ ಹಿಡಿಯುವ ಗಾರ್ಮಿನ್‌ನದೇ ಜಿಪಿಎಸ್‌ಮ್ಯಾಪ್ 65 ಅಲ್ಲಿ ಮೇಲು. ಸರ್ವೆ ಮಾಡುವವರಲ್ಲದಿದ್ದರೆ ಆ ಖರ್ಚು ಬೇಡ ಎನ್ನುತ್ತೇನೆ.

ದುಬೈಯಿಂದ ತರಿಸುವವರು ಹೆಸರಿನ ಕೊನೆಯ ಅಕ್ಷರ ನೋಡಿಕೊಳ್ಳಿ. ಜಿಪಿಎಸ್‌ಮ್ಯಾಪ್ 66ಐ, 67ಐ, ಗಾರ್ಮಿನ್ ಇನ್‌ರೀಚ್ ಇವು ಉಪಗ್ರಹದ ಮೂಲಕ ಸಂದೇಶ ಕಳಿಸುವಂಥವು. ದೂರಸಂಪರ್ಕ ಇಲಾಖೆಯ ಪರವಾನಗಿ ಇಲ್ಲದೆ ಭಾರತದಲ್ಲಿ ಇಟ್ಟುಕೊಳ್ಳುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಸಿಕ್ಕಿಬೀಳಬಹುದು. ಸಿಗ್ನಲ್ ಬರೀ ಪಡೆಯುವ ಯಂತ್ರಕ್ಕೆ ಈ ತಕರಾರಿಲ್ಲ.

ಕೊಂಡ ಮೇಲೆ ಬಹಳ ಜನ ಎಡವುವುದು ಅಕ್ಷಾಂಶದಲ್ಲಿ. ಗೂಗಲ್ ನಕ್ಷೆ 17.45 ಎಂದು ಡಿಗ್ರಿಯ ದಶಮಾಂಶ ಕೊಡುತ್ತದೆ, ಗಾರ್ಮಿನ್ ಡಿಗ್ರಿ-ಮಿನಿಟು ಕೇಳುತ್ತದೆ. 17.45 ಅಂದರೆ 17 ಡಿಗ್ರಿ 27 ಮಿನಿಟು. ಅದನ್ನೇ 17 ಡಿಗ್ರಿ 45 ಮಿನಿಟು ಎಂದು ಒತ್ತಿದಿರೋ, 33 ಕಿಲೋಮೀಟರ್ ಉತ್ತರಕ್ಕೆ ಹೋದಿರಿ. ಸೆಟ್ಟಿಂಗ್‌ನಲ್ಲಿ ಪೊಸಿಷನ್ ಫಾರ್ಮ್ಯಾಟನ್ನು ದಶಮಾಂಶಕ್ಕೆ ಬದಲಿಸಿದರೆ ತೀರಿತು. ದಾರಿ ತೋರಿಸುವ 'ರೂಟಿಂಗ್' ಸೆಟ್ಟಿಂಗ್ 'ಡೈರೆಕ್ಟ್' (ನೇರ) ಇರಲಿ, ಇಲ್ಲದಿದ್ದರೆ ಎದುರಿಗೆ ಕಾಣುವ ಗುಡ್ಡಕ್ಕೆ ಡಾಂಬರು ರಸ್ತೆ ಸುತ್ತಿಸುತ್ತದೆ.

ಚಾರ್ಜ್ ಮಾಡುವ ಸೆಲ್ ಹಾಕಿದರೆ ಬ್ಯಾಟರಿ ಟೈಪ್‌ನಲ್ಲಿ ಎನ್‌ಐಎಮ್‌ಎಚ್ ಆರಿಸಿ. ಅದರ ವೋಲ್ಟೇಜ್ 1.2, ಮಾಮೂಲಿ ಸೆಲ್ಲಿನದು 1.5. ಹೀಗಾಗಿ ಆರಿಸದಿದ್ದರೆ ಸೆಲ್ ತುಂಬಿದ್ದರೂ ಮುಗಿದಂತೆ ತೋರಿಸುತ್ತದೆ. ಹಿಮದ ಚಳಿಗೆ 1.5 ವೋಲ್ಟಿನ ಲಿಥಿಯಂ ಎಎ ಒಯ್ಯಿರಿ. ಜನರೇ ಸೇರಿ ಕಟ್ಟಿದ ಓಪನ್‌ಸ್ಟ್ರೀಟ್‌ಮ್ಯಾಪ್‌ನಿಂದ ಮಾಡಿದ ನಕ್ಷೆ ಗಾರ್ಮಿನ್‌ಗೆ ಪುಕ್ಕಟೆ ಸಿಗುತ್ತದೆ, ಮೆಮೊರಿ ಕಾರ್ಡಿನ 'ಗಾರ್ಮಿನ್' ಫೋಲ್ಡರಿಗೆ ಹಾಕಿದರಾಯಿತು. ತಿಂಗಳುಗಟ್ಟಲೆ ಇಟ್ಟ ಯಂತ್ರಕ್ಕೆ ಉಪಗ್ರಹ ಹುಡುಕಲು ಹತ್ತು ಹನ್ನೆರಡು ನಿಮಿಷವೂ ಬೇಕಾದೀತು, ಬಯಲಲ್ಲಿ ನಿಂತು ಹಿಡಿಸಿಕೊಂಡೇ ಕಾಡು ಹೊಗ್ರಿ. ಚಿಂಚೋಳಿ ಅಭಯಾರಣ್ಯಕ್ಕೆ ಅರಣ್ಯ ಇಲಾಖೆಯ ಅನುಮತಿ ಬೇಕು, ಅದನ್ನು ಮೊದಲು ಮಾಡಿಸಿಕೊಳ್ಳಿ.