ಮಾತ್ರೆಯಿಂದ ನಿದ್ರೆ ಬಂತು, ಮಾತಿನ ಚಿಕಿತ್ಸೆಯೂ ಬೇಕೆ?

ಪ್ರಶ್ನೆ: ನನಗೆ 38 ವರ್ಷ. ಗಂಗಾವತಿಯ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಎರಡು ವರ್ಷಗಳಿಂದ ಖಿನ್ನತೆ ಕಾಡುತ್ತಿದೆ. ಐದು ವಾರಗಳಿಂದ ಎಸ್ಸಿಟಲೋಪ್ರಾಮ್ 10 ಮಿ.ಗ್ರಾಂ. ತೆಗೆದುಕೊಳ್ಳುತ್ತಿದ್ದು, ನಿದ್ರೆ, ಊಟ ಸುಧಾರಿಸಿವೆ. ಈಗ ಮನೋವೈದ್ಯರು ಕೊಪ್ಪಳದ ಮನಃಶಾಸ್ತ್ರಜ್ಞರ ಬಳಿಗೆ ವಾರಕ್ಕೊಮ್ಮೆ ಹೋಗಲು ಹೇಳಿದ್ದಾರೆ. ‘ಬರೇ ಮಾತಾಡಾಕ ರೊಕ್ಕ ಯಾಕ ಕೊಡಬೇಕು?’ ಎಂದು ನಮ್ಮ ಮನೆಯ ಯಜಮಾನರು ಕೇಳುತ್ತಾರೆ. ಎರಡೂ ಬೇಕೆ? ಅಲ್ಲಿಗೆ ಹೋದರೆ ಮಾತ್ರೆ ಬಿಡಬಹುದೆ? ವಿಮೆ ಸಿಗುತ್ತದೆಯೆ?

ಉತ್ತರ: ನಿಮ್ಮ ಸ್ಥಿತಿಯಲ್ಲಿ ಎರಡೂ ಬೇಕು ಎಂಬುದೇ ನನ್ನ ಅಭಿಪ್ರಾಯ. ಈ ಮಾತ್ರೆಗಳ ಪೂರ್ಣ ಪರಿಣಾಮಕ್ಕೆ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅನೇಕರಲ್ಲಿ ನಿದ್ರೆ, ಹಸಿವು ಮೊದಲು ಮರಳಿ, ‘ನನ್ನಿಂದೇನೂ ಆಗದು’ ಎಂಬ ಭಾವನೆ ತಡವಾಗಿ ಕರಗುತ್ತದೆ. ಖಿನ್ನತೆ ಸೌಮ್ಯವಾಗಿದ್ದರೆ ಮಾತಿನ ಚಿಕಿತ್ಸೆಯೊಂದೇ ಸಾಕಾಗಬಹುದಿತ್ತು. ಆದರೆ ನಿಮ್ಮದು ಎರಡು ವರ್ಷಗಳಷ್ಟು ಹಳೆಯದು. ದೀರ್ಘಕಾಲದ ಖಿನ್ನತೆಯಿದ್ದ 681 ಮಂದಿಯನ್ನು ಒಳಗೊಂಡು ಅಮೆರಿಕದಲ್ಲಿ ನಡೆದ, 2000ದಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಮಾತ್ರೆಯನ್ನಷ್ಟೇ ಅಥವಾ ಮಾತಿನ ಚಿಕಿತ್ಸೆಯನ್ನಷ್ಟೇ ಪಡೆದವರಲ್ಲಿ ಶೇ 48ರಷ್ಟು ಮಂದಿಗೆ ಗುಣ ಕಂಡರೆ, ಎರಡನ್ನೂ ಪಡೆದವರಲ್ಲಿ ಶೇ 73ರಷ್ಟು ಮಂದಿಗೆ ಕಂಡಿತು. ಅಲ್ಲಿ ಬಳಸಿದ ಔಷಧ ಬೇರೆಯದಾದರೂ ಅದರಿಂದ ನಾವು ಕಲಿಯಬೇಕಾದ ಪಾಠವಿದೆ.

ಮನಃಶಾಸ್ತ್ರಜ್ಞರ ಬಳಿ ನಡೆಯುವುದು ಬರೀ ಮಾತಲ್ಲ ಎಂಬುದನ್ನು ಯಜಮಾನರಿಗೆ ಹೀಗೆ ತಿಳಿಸಿ. ಲಾರಿಯ ಲೆಕ್ಕದಲ್ಲಿ ಎರಡು ಚೀಲ ತಾಳೆಯಾಗಲಿಲ್ಲ ಎಂದುಕೊಳ್ಳಿ. ಏನಾಯಿತು, ಮನಸ್ಸು ಏನು ಹೇಳಿತು (‘ನಾನು ಕೆಲಸಕ್ಕೆ ಬಾರದವಳು’), ಅದನ್ನು ಎಷ್ಟು ನಂಬಿದಿರಿ, ನಂತರ ತಿಳಿದದ್ದೇನು (‘ತೂಕದ ಚೀಟಿ ಮರುದಿನ ಬಂತು’) ಎಂದು ನಾಲ್ಕು ಅಂಕಣಗಳಲ್ಲಿ ಬರೆಯಿಸಿ, ಪ್ರತಿ ವಾರ ಅದನ್ನು ಎದುರಿಗಿಟ್ಟುಕೊಂಡು ಪರಿಶೀಲಿಸುತ್ತಾರೆ. ಸಾಮಾನ್ಯವಾಗಿ ಇದಕ್ಕೆ 12ರಿಂದ 16 ಭೇಟಿಗಳು ಬೇಕಾಗುತ್ತವೆ.

ಮಾತ್ರೆಯನ್ನು ಈಗ ಖಂಡಿತ ಬಿಡಬೇಡಿ. ಪೂರ್ತಿ ಚೇತರಿಸಿಕೊಂಡ ಮೇಲೂ ಕನಿಷ್ಠ ಆರರಿಂದ ಒಂಬತ್ತು ತಿಂಗಳು ಮುಂದುವರಿಸಿ, ವೈದ್ಯರ ಸಲಹೆಯಂತೆ ಹಂತಹಂತವಾಗಿ ಇಳಿಸಬೇಕು. ಥಟ್ಟನೆ ನಿಲ್ಲಿಸಿದರೆ ತಲೆಸುತ್ತು, ಕರೆಂಟ್ ಹೊಡೆದಂತಹ ಅನುಭವ, ಸಿಡುಕು ಕಾಣಿಸಿಕೊಳ್ಳಬಹುದು. ಅದನ್ನೇ ರೋಗ ಮರುಕಳಿಸಿತೆಂದು ಹೆದರುವವರಿದ್ದಾರೆ.

ನನ್ನನ್ನು ಹೆಚ್ಚು ಚಿಂತೆಗೀಡುಮಾಡುವ ವಿಷಯ ಬೇರೆಯೇ ಇದೆ. ಮಾತ್ರೆ ಬರೆಯುವವರೊಬ್ಬರು, ಮಾತನಾಡಿಸುವವರೊಬ್ಬರಾದಾಗ, ಇಬ್ಬರ ನಡುವೆ ಸುದ್ದಿ ಹರಿಯದಿದ್ದರೆ ಅದು ಜಂಟಿ ಚಿಕಿತ್ಸೆ ಎನಿಸದು. ನಿದ್ರೆ ಮಾತ್ರೆ ಹೊಸದಾಗಿ ಸೇರಿದ್ದು ತಿಳಿಯದ ಮನಃಶಾಸ್ತ್ರಜ್ಞರಿಗೆ ನಿಮ್ಮ ಮರೆವು ನಿರಾಸಕ್ತಿಯಂತೆ ಕಾಣಬಹುದು. ನೀವು ನಿದ್ರೆಯಿಲ್ಲದೆಯೂ ಅತಿಯಾದ ಹುರುಪಿನಲ್ಲಿರುವುದನ್ನು ಅವರು ಗಮನಿಸಿಯೂ ಮನೋವೈದ್ಯರಿಗೆ ತಿಳಿಸದಿದ್ದರೆ ಬೈಪೋಲಾರ್‌ನ (ಖಿನ್ನತೆಯೂ ಅತಿಯಾದ ಹುರುಪೂ ಬಂದುಹೋಗುವ ಕಾಯಿಲೆ) ಸೂಚನೆ ಕೈತಪ್ಪಬಹುದು. ಆದ್ದರಿಂದ ಒಂದೇ ನೋಟ್‌ಬುಕ್ ಇಟ್ಟು, ಮಾತ್ರೆಯ ಪ್ರಮಾಣ, ಅಡ್ಡಪರಿಣಾಮ, ನಿದ್ರೆಯ ಗಂಟೆಗಳನ್ನು ಬರೆದು ಇಬ್ಬರಿಗೂ ತೋರಿಸಿ. ಪರಸ್ಪರ ಮಾತನಾಡಲು ಲಿಖಿತ ಒಪ್ಪಿಗೆಯನ್ನೂ ಕೊಡಿ. ಸಾಯುವ ಯೋಚನೆ ಬಂದರೆ ಮುಂದಿನ ಭೇಟಿಗೆ ಕಾಯದೆ ಇಬ್ಬರಿಗೂ ಆಗಲೇ ತಿಳಿಸಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಹಗಲಿರುಳೂ ಲಭ್ಯ, ಕನ್ನಡದಲ್ಲೇ ಮಾತನಾಡಬಹುದು.

ಇನ್ನು ವಿಮೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ ಮಾನಸಿಕ ಕಾಯಿಲೆಗೂ ದೈಹಿಕ ಕಾಯಿಲೆಯಂತೆಯೇ ವಿಮೆ ಇರಬೇಕು. ಆದರೆ ಬಹುತೇಕ ಪಾಲಿಸಿಗಳು ಆಸ್ಪತ್ರೆಗೆ ದಾಖಲಾದಾಗಿನ ವೆಚ್ಚವನ್ನೇ ಭರಿಸುವುದರಿಂದ ನಿಮ್ಮ ಪಾಲಿಸಿಯಲ್ಲಿ ಹೊರರೋಗಿ ಸೌಲಭ್ಯವಿದೆಯೇ ನೋಡಿ. ಇಲ್ಲವಾದರೆ ಜಿಲ್ಲಾ ಆಸ್ಪತ್ರೆಯಲ್ಲಿ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮದ ವಿಭಾಗವನ್ನು ವಿಚಾರಿಸಿ. 1980ರ ದಶಕದಲ್ಲಿ ನಿಮ್ಹಾನ್ಸ್ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿ ನಡೆಸಿದ ಪ್ರಯೋಗವೇ ಮಾದರಿಯಾಗಿ, 1996ರಲ್ಲಿ ಈ ಕಾರ್ಯಕ್ರಮ ದೇಶಮಟ್ಟದಲ್ಲಿ ಆರಂಭವಾಯಿತು.

ಎರಡನೆಯ ಅಥವಾ ಮೂರನೆಯ ಭೇಟಿಗೆ, ನಿಮ್ಮ ಒಪ್ಪಿಗೆಯಿದ್ದರೆ, ಯಜಮಾನರನ್ನೂ ಕರೆದೊಯ್ಯಿರಿ. ರೊಕ್ಕದ ಪ್ರಶ್ನೆಯನ್ನು ಅವರು ಮನಃಶಾಸ್ತ್ರಜ್ಞರನ್ನೇ ನೇರವಾಗಿ ಕೇಳಲಿ.