ಮಾರಿಯೋ ಕಾರ್ಟ್ 64ರಲ್ಲಿ ಡ್ರಿಫ್ಟ್ ಬೂಸ್ಟ್ ಯಾಕೆ ಬರಲ್ಲ?

ಜಯನಗರದ ಗೆಳೆಯರೇ, ಮಾರಿಯೋ ಕಾರ್ಟ್ ರೇಸಿಂಗ್ ಆಟಗಳಲ್ಲಿ ಹೊಸದಾದ 8 ಡಿಲಕ್ಸ್‌ನಲ್ಲಿ ಸಲೀಸಾಗಿ ಬರುವ ಡ್ರಿಫ್ಟ್ ಬೂಸ್ಟ್ (ತಿರುವಿನಲ್ಲಿ ಕಾರ್ಟ್ ಜಾರಿಸಿದ ಮೇಲೆ ಸಿಗುವ ಹೆಚ್ಚುವರಿ ವೇಗ), ಹಳೆಯ 64ರಲ್ಲಿ ಎಷ್ಟು ಹೊತ್ತು ಬಟನ್ ಹಿಡಿದರೂ ಬರಲ್ಲ ಅಂತ ಕೇಳಿದ್ದೀರಿ. ನಿಮ್ಮ ಕಂಟ್ರೋಲರ್ ಕೆಟ್ಟಿಲ್ಲ, ಆ ಆಟದ ರೀತಿಯೇ ಬೇರೆ.

1996ರ ಆ ಆಟದಲ್ಲಿ ಸುಮ್ನೆ ಹಿಡಿದುಕೊಂಡರೆ ಸಾಲದು. ಆರ್ ಬಟನ್ ಒತ್ತಿ ಹಾರಿ, ತಿರುವಿನ ಕಡೆ ಸ್ಟಿಕ್ ತಿರುಗಿಸಿ. ಕಾರ್ಟ್ ಜಾರುತ್ತಿರುವಾಗಲೇ ಸ್ಟಿಕ್ಕನ್ನು ಎದುರು ದಿಕ್ಕಿಗೆ ತಳ್ಳಿ ವಾಪಸ್ ತನ್ನಿ. ಚಕ್ರದ ಹಿಂದಿನ ಬಿಳಿ ಹೊಗೆ ಹಳದಿಯಾಗುತ್ತದೆ. ಇನ್ನೊಮ್ಮೆ ಹಾಗೇ ಮಾಡಿದರೆ ಕೆಂಪಗಾಗುತ್ತದೆ. ಆಗ ಆರ್ ಬಿಡಿ, ಬೂಸ್ಟ್ ಬರುತ್ತದೆ. ಲುಯಿಜಿ ರೇಸ್‌ವೇಯ ಉದ್ದ ತಿರುವುಗಳಲ್ಲಿ ಅಭ್ಯಾಸ ಮಾಡಿ, ಬೇಗ ಕೈಗೆ ಹತ್ತುತ್ತದೆ.

2005ರ ಮಾರಿಯೋ ಕಾರ್ಟ್ ಡಿಎಸ್ ಆಟದಲ್ಲೂ ಹೀಗೇ ಸ್ಟೀರಿಂಗ್ ಆಡಿಸಬೇಕಿತ್ತು. ಕೈ ಪಳಗಿದವರು ನೇರ ರಸ್ತೆಯಲ್ಲೂ ಹಾವಿನಂತೆ ಎಡಬಲ ಜಾರುತ್ತಾ ಬೂಸ್ಟ್ ಮೇಲೆ ಬೂಸ್ಟ್ ತೆಗೆಯುತ್ತಿದ್ದರು. ಹೊಸಬರಿಗೆ ಅವರನ್ನು ಹಿಡಿಯೋದು ತುಂಬಾ ಕಷ್ಟವಾಗಿತ್ತು. 2008ರ ಮಾರಿಯೋ ಕಾರ್ಟ್ ವೀ ಆಟದಲ್ಲಿ ಇದು ಬದಲಾಯಿತು. ಡ್ರಿಫ್ಟ್ ಹಿಡಿದಿದ್ದರೆ ಸಾಕು, ಬೂಸ್ಟ್ ತಾನಾಗೇ ತುಂಬುತ್ತದೆ. ಗಾಳಿಯಲ್ಲಿ ತೇಲಿಸುವ ಗ್ಲೈಡರ್, ಗೋಡೆ ಮೇಲೂ ಓಡಿಸುವ ಆಂಟಿ-ಗ್ರಾವಿಟಿ ಎಲ್ಲ ಆಮೇಲೆ ಬಂದವು. ಆದರೆ ಓಡಿಸುವ ರೀತಿ ನಿಜವಾಗಿ ಬದಲಾಗಿದ್ದು ಇಲ್ಲೇ ಅನ್ನೋದು ನನ್ನ ಅಭಿಪ್ರಾಯ.

ಹಾಂ, ನಿಮ್ಮ ತಂಗಿಗೆ 8 ಡಿಲಕ್ಸ್‌ನಲ್ಲಿ ಅತಿ ದೊಡ್ಡ ಬೂಸ್ಟ್ ಸೂಚಿಸುವ ನೇರಳೆ ಕಿಡಿ ಬರಲ್ಲ ಅಂದ್ರಲ್ಲ, ಕಾರ್ಟ್ ರಸ್ತೆ ಬಿಟ್ಟು ಹೋಗದಂತೆ ತಡೆಯುವ ಸ್ಮಾರ್ಟ್ ಸ್ಟೀರಿಂಗ್ ಆನ್ ಇರಬಹುದು. ಅದು ಆನ್ ಇದ್ದರೆ ನೇರಳೆ ಕಿಡಿ ಬರೋದೇ ಇಲ್ಲ. ಆಫ್ ಮಾಡಿ ನೋಡಿ.